ಚಿತ್ರ ಒಬ್ಬರದು, ಮುಖ ಇನ್ನೊಬ್ಬರದು

ಈಚೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದು ಒಂದು ಕ್ಯಾಲೆಂಡರನ್ನು ಕೈಗಿತ್ತ. ಯಕ್ಷಗಾನದ ಹಿರಿಯ ವೇಷಧಾರಿಯೊಬ್ಬರು ಚೌಕಿಯಲ್ಲಿ ಕುಳಿತು ಮುಖಕ್ಕೆ ಬಣ್ಣ ಬರೆದುಕೊಳ್ಳುತ್ತಿರುವ ಸೊಗಸಾದ ಛಾಯಾಚಿತ್ರ ಅದರ ಮೇಲಿತ್ತು. ಅದೇ ಚಿತ್ರವನ್ನು ಅಚ್ಚೊತ್ತಿದ ಚೀಲ, ಚಹಾ ಬಟ್ಟಲು, ಕಾಲೊರಸುಗಳನ್ನೂ ಮಾರಾಟಕ್ಕೆ ತರುವುದಾಗಿ ಹೇಳಿದ. "ಅನುಮತಿ ಪಡೆದೆಯೇನಪ್ಪಾ?" ಎಂದೆ. "ಛಾಯಾಗ್ರಾಹಕರಿಗೆ ಹಣ ಕೊಟ್ಟಿದ್ದೇನೆ, ರಸೀದಿಯಿದೆ" ಎಂದ. "ವೇಷಧಾರಿಗಳನ್ನು ಕೇಳಿದೆಯಾ?" ಎಂದುದಕ್ಕೆ, "ಚಿತ್ರ ತೆಗೆದವರು ಅವರಲ್ಲವಲ್ಲ, ಸಾರ್" ಎಂಬ ಉತ್ತರ ಬಂತು. ಆ ಉತ್ತರದಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ನಿವೇದಿಸುವುದೇ ನನ್ನ ಈ ಮಾತಿನ ಉದ್ದೇಶ.

ಕಲಾವಿದನ ಛಾಯಾಚಿತ್ರದಲ್ಲಿ ಎರಡು ಸ್ವತ್ತುಗಳು ಅಡಕವಾಗಿರುತ್ತವೆ. ಮೊದಲನೆಯದು ಚಿತ್ರವೆಂಬ ಕೃತಿ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಸಾಮಾನ್ಯವಾಗಿ ಅದರ ಮೊದಲ ಒಡೆಯ ಛಾಯಾಗ್ರಾಹಕ. ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಹಣ ಕೊಟ್ಟು ಚಿತ್ರ ತೆಗೆಸಿದವರು ಒಡೆಯರಾಗುತ್ತಾರೆ. ಚಿತ್ರದ ಪ್ರತಿಯೊಂದನ್ನು ಕೊಂಡ ಮಾತ್ರಕ್ಕೆ ಅದನ್ನು ಅಚ್ಚು ಮಾಡಿ ಮಾರುವ ಹಕ್ಕು ಬರುವುದಿಲ್ಲ. ಕಾದಂಬರಿಯನ್ನು ಕೊಂಡವನು ಅದನ್ನು ಮರುಮುದ್ರಿಸಲಾರನಷ್ಟೆ. ಅನುಮತಿ ಬರಹದಲ್ಲಿರಬೇಕು. ಯಾವ ವಸ್ತುಗಳ ಮೇಲೆ, ಎಷ್ಟು ಕಾಲ, ಯಾವ ಪ್ರದೇಶದಲ್ಲಿ, ಎಷ್ಟು ಗೌರವಧನಕ್ಕೆ ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ಕಾಲವನ್ನು ನಮೂದಿಸದಿದ್ದರೆ ಕಾಯಿದೆಯು ಅದನ್ನು 5 ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಎಣಿಸುತ್ತದೆ.

ಎರಡನೆಯದು ಕಲಾವಿದನ ಮುಖ. ಇದನ್ನು ಛಾಯಾಗ್ರಾಹಕನು ಮಾರಲಾರ. ಏಕೆಂದರೆ ಅದು ಅವನದಲ್ಲ. ಇದಕ್ಕೆಂದೇ ಮೀಸಲಾದ ಕಾಯಿದೆ ನಮ್ಮಲ್ಲಿಲ್ಲ. ನ್ಯಾಯಾಲಯಗಳು ತೀರ್ಪಿನಿಂದ ತೀರ್ಪಿಗೆ ಕಟ್ಟಿದ ಹಕ್ಕು ಇದು. ವ್ಯಕ್ತಿಯ ಹೆಸರನ್ನಾಗಲಿ ರೂಪವನ್ನಾಗಲಿ ಅವನ ಒಪ್ಪಿಗೆಯಿಲ್ಲದೆ ಜಾಹೀರಾತಿಗೆ ಬಳಸುವುದು ಖಾಸಗಿತನದ ಉಲ್ಲಂಘನೆಯಾಗಬಲ್ಲುದೆಂದು ಸರ್ವೋಚ್ಚ ನ್ಯಾಯಾಲಯ 1994ರಲ್ಲಿ, ರಾಜಗೋಪಾಲ್ ಮೊಕದ್ದಮೆಯಲ್ಲಿ, ಹೇಳಿತು. 2010ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯದ ಮುಂದೆ ಬಂದದ್ದು ಗೊಂಬೆಗಳ ವ್ಯಾಜ್ಯ. ಗಾಯಕ ದಲೇರ್ ಮೆಹಂದಿಯವರನ್ನು ಹೋಲುವ, ಅವರ ಹಾಡಿನ ತುಣುಕನ್ನು ಹಾಡುವ ಗೊಂಬೆಗಳನ್ನು ಅಂಗಡಿಯವರು ಅಪ್ಪಣೆಯಿಲ್ಲದೆ ಮಾರುತ್ತಿದ್ದರು. ನ್ಯಾಯಾಲಯ ಮಾರಾಟವನ್ನು ತಡೆಯಿತು. ಹಾಗೆಂದು ಕಲಾವಿದನ ಮುಖಕ್ಕೆ ಬೇಲಿ ಹಾಕಿತೆಂದಲ್ಲ. ವ್ಯಂಗ್ಯಚಿತ್ರ, ಅಣಕ, ವಿಡಂಬನೆಗಳಿಗೆ ಈ ಹಕ್ಕು ಅಡ್ಡಬರಬಾರದೆಂಬ ಎಚ್ಚರಿಕೆಯೂ ಅದೇ ತೀರ್ಪಿನಲ್ಲಿದೆ. 2023ರಲ್ಲಿ ಚಿತ್ರನಟ ಅನಿಲ್ ಕಪೂರರೂ ಇಂತಹುದೇ ರಕ್ಷಣೆಯನ್ನು ಅದೇ ನ್ಯಾಯಾಲಯದಿಂದ ಪಡೆದರು.

ಇಲ್ಲಿ ಒಂದು ಮಾತು ಮನಸ್ಸನ್ನು ಕೊರೆಯುತ್ತದೆ. ದೆಹಲಿಯ ನ್ಯಾಯಾಲಯದ ಮೆಟ್ಟಿಲು ಹತ್ತಿದ ಇವರೆಲ್ಲ ಶಕ್ತರು. ಇರುಳೆಲ್ಲ ಕುಣಿದು, ಬೆಳಗಿನ ಜಾವ ಎಣ್ಣೆ ಹಚ್ಚಿ ಬಣ್ಣ ತೆಗೆಯುವ ವೇಷಧಾರಿಗೆ ಆ ಮೆಟ್ಟಿಲು ದೂರ. ಅವರ ಹಕ್ಕು ಕಿರಿದೆಂದಲ್ಲ, ಅದನ್ನು ಕೇಳುವ ದನಿ ಕಿರಿದು. ಆದುದರಿಂದ ಅವರ ಪಾಲಿಗೆ ಮಾರುವವನ ಮನಸ್ಸಾಕ್ಷಿಯೇ ಮೊದಲ ನ್ಯಾಯಾಲಯ.

ನನ್ನ ವಿದ್ಯಾರ್ಥಿ ಒಳ್ಳೆಯ ಹುಡುಗ. ಮರುವಾರವೇ ಕರಾರುಪತ್ರ ಬರೆದುಕೊಂಡು ಆ ಹಿರಿಯರ ಮನೆಗೆ ಹೋದ, ನಾನೂ ಜೊತೆಗಿದ್ದೆ. ಅವರು ಕನ್ನಡಕ ಏರಿಸಿ ಆದ್ಯಂತ ಓದಿದರು. ಹಣದ ವಿಚಾರದಲ್ಲಿ ಒಂದು ಮಾತನ್ನೂ ಆಡಲಿಲ್ಲ. ಲೇಖನಿ ತೆಗೆದುಕೊಂಡು, ವಸ್ತುಗಳ ಪಟ್ಟಿಯಲ್ಲಿದ್ದ "ಕಾಲೊರಸು" ಎಂಬ ಒಂದು ಪದವನ್ನು ಹೊಡೆದುಹಾಕಿ, ಕೆಳಗೆ ರುಜು ಹಾಕಿದರು.