ಮನೆಯ ಕಂಪ್ಯೂಟರಿನ ಸದ್ದು

ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯಲ್ಲಿ ತೆಂಗು ಅಡಿಕೆಗಳ ಲೆಕ್ಕವೂ, ಮಕ್ಕಳ ಪಾಠವೂ, ಮದುವೆಯ ಛಾಯಾಚಿತ್ರಗಳೂ ಇಂದು ಕಂಪ್ಯೂಟರಿನೊಳಗೆ ಸೇರಿರುವುದರಿಂದ, ಊರು ಮಲಗಿದ ಮೇಲೆ ಆ ಪೆಟ್ಟಿಗೆಯಿಂದ ಹೊರಡುವ ಗುಂಯ್‌ಗುಟ್ಟುವಿಕೆಯು ಹಗಲಿನಲ್ಲಿ ಅದನ್ನು ಗಮನಿಸದವರಿಗೂ ಕರ್ಣಕಠೋರವೆನಿಸುವುದು ಸಹಜವೇ. ಅದರ ಮೂಲಗಳಲ್ಲಿ ಫ್ಯಾನು ಒಂದಾದರೆ ಹಾರ್ಡ್ ಡಿಸ್ಕು ಇನ್ನೊಂದು: ನಿಮಿಷಕ್ಕೆ 5400 ಅಥವಾ 7200 ಸುತ್ತುಗಳಂತೆ ಪರಿಭ್ರಮಿಸುವ ತಟ್ಟೆಗಳು ಅವಿಚ್ಛಿನ್ನವಾದ ಝೇಂಕಾರವನ್ನೂ, ಅವುಗಳ ಮೇಲೆ ಅತ್ತಿತ್ತ ಧಾವಿಸುವ ತೋಳು ಕಟಕಟ ಶಬ್ದವನ್ನೂ ಹುಟ್ಟಿಸುತ್ತವೆ, ಆ ಕಂಪನವು ತಗಡಿನ ಪೆಟ್ಟಿಗೆಗೆ ಸಂಕ್ರಮಿಸಿ, ತಂಬೂರಿಯ ಬುರುಡೆಯಲ್ಲಿ ತಂತಿಯ ನಾದವು ಹಿಗ್ಗುವಂತೆ, ಹಿಗ್ಗುತ್ತದೆ. 1956ರಲ್ಲಿ ಐ.ಬಿ.ಎಂ. ಸಂಸ್ಥೆಯು ಹೊರತಂದ ಪ್ರಥಮ ಡಿಸ್ಕ್ ಯಂತ್ರದಲ್ಲಿ ಇಂತಹ ತಟ್ಟೆಗಳು 50 ಇದ್ದುವು. ಅದನ್ನು ಮನೆಯಲ್ಲಿರಿಸುವ ಪ್ರಮೇಯ ಯಾರಿಗೂ ಬರಲಿಲ್ಲವಷ್ಟೆ!

ನನ್ನ ಅಭಿಮತದಲ್ಲಿ ಉತ್ತಮವಾದ ಉಪಾಯವೆಂದರೆ, ಆಪರೇಟಿಂಗ್ ಸಿಸ್ಟಂ ಹಾಗೂ ನಿತ್ಯದ ಕಡತಗಳನ್ನು ಚಲಿಸುವ ಅಂಗವೊಂದೂ ಇಲ್ಲದ, ಆದುದರಿಂದಲೇ ಮೌನಿಯಾದ, ಎಸ್‌ಎಸ್‌ಡಿಗೆ ವಹಿಸಿ, ಬೃಹತ್ತಾದ ಚಿತ್ರ ಸಂಗ್ರಹವನ್ನು 5400 ಸುತ್ತಿನ ಮಂದಗಾಮಿ ಡಿಸ್ಕಿನಲ್ಲಿರಿಸಿ, ಬಳಸದಿರುವಾಗ ಅದು ತಾನಾಗಿ ನಿಲ್ಲುವಂತೆ ಏರ್ಪಡಿಸುವುದು. ಹಳೆಯ ಡಿಸ್ಕನ್ನೇ ಉಳಿಸಿಕೊಳ್ಳುವವರು ಅದರ ತಿರುಪುಗಳಿಗೆ ರಬ್ಬರಿನ ಬಿಲ್ಲೆ ಕೊಟ್ಟರೂ ಸದ್ದು ತಕ್ಕಮಟ್ಟಿಗೆ ತಗ್ಗುವುದು. ಹಠಾತ್ತನೆ ಹೊಸ ಕಟಕಟ ಕೇಳಿಬಂದರೆ ಮಾತ್ರ, ಅದರ ಶಮನಕ್ಕೆ ತೊಡಗುವ ಮುನ್ನ ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿರಿಸತಕ್ಕದ್ದು.