ಬಿದಿರು ಮತ್ತು ಉಕ್ಕು: ಬಲದ ತುಲನೆ

ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ಹಳೆಯ ಕಟ್ಟಡಗಳ ದುರಸ್ತಿ ನಡೆಯುವಾಗ ಗೋಡೆಯ ಸುತ್ತ ಬಿದಿರಿನ ಸಾರುವೆ ಮೇಲೇಳುವುದನ್ನು ವಾಚಕರು ನೋಡಿಯೇ ಇರುವರು. ಮರಾಠಿಯಲ್ಲಿ ಇದಕ್ಕೆ ಪರಾಂಚಿ ಎಂದು ಹೆಸರು. ಕಟ್ಟಡವು ನಿಂತಿರುವುದು ಕಾಂಕ್ರೀಟಿನೊಳಗಿನ ಉಕ್ಕಿನ ಸರಳುಗಳನ್ನು ನೆಮ್ಮಿ. ಅದನ್ನು ದುರಸ್ತಿ ಮಾಡುವ ಕೆಲಸಗಾರನು ನಿಂತಿರುವುದು ಹಗ್ಗದಿಂದ ಬಿಗಿದ ಬಿದಿರನ್ನು ನೆಮ್ಮಿ. ಅವನ ಈ ನಂಬಿಕೆಗೆ ಆಧಾರವೇನೆಂಬುದು ವಿಚಾರಾರ್ಹವಾದ ಸಂಗತಿ.

ಮೊದಲು ಎಳೆತವನ್ನು ತಾಳುವ ಬಲವನ್ನು ನೋಡೋಣ. ಒಂದು ಚದರ ಮಿಲಿಮೀಟರ್ ದಪ್ಪದ ಮೆದು ಉಕ್ಕಿನ ಎಳೆಯು ಸುಮಾರು 40 ಕಿಲೋಗ್ರಾಂ ಭಾರಕ್ಕೆ ತುಂಡಾಗುತ್ತದೆ. ಅಷ್ಟೇ ದಪ್ಪದ ಬಿದಿರಿನ ಸೀಳನ್ನು ನಾರಿನ ನೇರಕ್ಕೆ ಎಳೆದರೆ ಸಾಮಾನ್ಯವಾಗಿ 10ರಿಂದ 20 ಕಿಲೋಗ್ರಾಂ ತಾಳುತ್ತದೆ. ಇಲ್ಲಿ ಉಕ್ಕಿನದೇ ಮೇಲುಗೈ. ಆದರೆ ಉಕ್ಕು ನೀರಿಗಿಂತ 7.85 ಪಟ್ಟು ಭಾರವಾದುದು. ಒಣಗಿದ ಬಿದಿರಿನ ಸಾಂದ್ರತೆಯಾದರೋ ನೀರಿನ 0.6ರಿಂದ 0.8ರಷ್ಟು ಮಾತ್ರ. ಆದುದರಿಂದ ತೂಕಕ್ಕೆ ತೂಕವಿಟ್ಟು ಹೋಲಿಸಿದಲ್ಲಿ ಬಿದಿರಿನ ಬಲವು ಮೆದು ಉಕ್ಕಿನ ಎರಡು ಪಟ್ಟನ್ನೂ ಮೀರುತ್ತದೆ.

ಇದಕ್ಕೆ ಕಾರಣ ಅದರ ರಚನೆಯಲ್ಲಿದೆ. ಕೋಲು ಬಾಗುವಾಗ ಹೆಚ್ಚಿನ ಒತ್ತಡ ಬೀಳುವುದು ಹೊರಮೈಗೆ. ಬಿದಿರಿನ ನಾರುಗಳು ದಟ್ಟವಾಗಿರುವುದೂ ಅಲ್ಲಿಯೇ. ಬಲಕ್ಕೆ ಅಷ್ಟಾಗಿ ಬೇಡವಾದ ನಡುಭಾಗ ಪೊಳ್ಳು. ಆ ಪೊಳ್ಳು ಚಪ್ಪಟೆಯಾಗಿ ಕುಸಿಯದಂತೆ ಗಿಣ್ಣುಗಳು ತಡೆಯುತ್ತವೆ. ಎಂಜಿನಿಯರರು ಉಕ್ಕಿನ ಕೊಳವೆಯನ್ನು ಬಳಸುವುದೂ ಈ ತತ್ತ್ವವನ್ನೇ ಅನುಸರಿಸಿ.

ಆದರೂ ಬಿದಿರೇ ಶ್ರೇಷ್ಠವೆಂದು ತೀರ್ಮಾನಿಸುವುದು ಅವಸರವಾದೀತು. ಉಕ್ಕಿನ ಬಲ ಎಲ್ಲ ದಿಕ್ಕಿಗೂ ಬಹುಮಟ್ಟಿಗೆ ಸಮ. ಬಿದಿರಿನ ಬಲ ನಾರಿನ ನೇರಕ್ಕೆ ಮಾತ್ರ, ಅಡ್ಡಲಾಗಿ ಅದು ಸುಲಭವಾಗಿ ಸೀಳುತ್ತದೆ. ಸಾರುವೆಯ ಬಿದಿರಿಗೆ ಮೊಳೆ ಹೊಡೆಯದೆ ಹಗ್ಗ ಬಿಗಿಯುವುದರ ಮರ್ಮ ಇದೇ. ಮೆದು ಉಕ್ಕು ಮುರಿಯುವ ಮೊದಲು ಬಹಳಷ್ಟು ಹಿಗ್ಗಿ, ಬಾಗಿ, ಅಪಾಯದ ಸೂಚನೆ ಕೊಡುತ್ತದೆ. ಕಾರ್ಖಾನೆಯ ಸರಳುಗಳು ಒಂದಕ್ಕೊಂದು ಸಮವಾಗಿರುತ್ತವೆ. ಬಿದಿರಿನ ಗಳುಗಳಾದರೋ ವಯಸ್ಸು, ತೇವ, ಬೆಳೆದ ನೆಲ, ಕೀಟಬಾಧೆಗಳಿಗೆ ಅನುಸಾರವಾಗಿ ಬೇರೆಬೇರೆ. ಒಳಗಿನ ಪಿಷ್ಟವನ್ನು ತಿನ್ನುವ ಹುಳು ಕೊರೆದ ಗಳುವು ಹೊರಗೆ ದೃಢವಾಗಿ ಕಂಡರೂ ಒಳಗೆ ಪುಡಿಯಾಗಿರಬಹುದು.

ಆದಕಾರಣ ಪ್ರಯೋಗಶಾಲೆಯ ಸರಾಸರಿಯೊಂದನ್ನೇ ನಂಬಿ ಬಿದಿರಿನ ಮೇಲೆ ಮನುಷ್ಯನನ್ನು ನಿಲ್ಲಿಸಲಾಗದು. ಬಲಿತು ಒಣಗಿದ ಗಳುಗಳನ್ನು ಆರಿಸಿ, ಸೀಳು ಬಿಟ್ಟವನ್ನೂ ಹುಳು ಹಿಡಿದವನ್ನೂ ತೆಗೆದುಹಾಕಿ, ಹಗ್ಗದ ಕಟ್ಟುಗಳನ್ನು ಆಗಾಗ್ಗೆ ಪರೀಕ್ಷಿಸಬೇಕು. ಉಕ್ಕಿನ ಪರೀಕ್ಷೆಯು ಬಹುಪಾಲು ಕಾರ್ಖಾನೆಯಲ್ಲಿಯೇ ಮುಗಿದಿರುತ್ತದೆ. ಬಿದಿರನ್ನು ಪರೀಕ್ಷಿಸುವ ಹೊಣೆ ಸಾರುವೆ ಕಟ್ಟಿಸುವವನ ಮೇಲಿದೆ.