ಹೊಟ್ಟೆನೋವೆಂದು ಸುಮ್ಮನಿರಬಾರದು

ಅನ್ನದಲ್ಲಿ ಕಲ್ಲೋ ಕೂದಲೋ ಸಿಕ್ಕಿದರೆ ‘ನುಂಗಬೇಡ, ಅಪೆಂಡಿಕ್ಸ್ ಆದೀತು’ ಎಂದು ಹಿರಿಯರು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಹಾಗಾಗುವುದು ಬಹಳ ಅಪರೂಪ. ಹೆಚ್ಚಾಗಿ ಈ ಕಾಯಿಲೆಯನ್ನು ಬೆಳೆಸುವವು ನಮ್ಮ ಕರುಳಿನಲ್ಲೇ ಬಾಳುವ ಬ್ಯಾಕ್ಟೀರಿಯಾಗಳು.

ಹೊಟ್ಟೆಯ ಬಲಗಡೆ, ಕೆಳಭಾಗದಲ್ಲಿ, ದೊಡ್ಡ ಕರುಳಿನ ಆರಂಭಕ್ಕೆ ಅಂಟಿಕೊಂಡ ಎರೆಹುಳುವಿನಂಥ ಸಣ್ಣ ಕೊಳವೆಯೇ ಅಪೆಂಡಿಕ್ಸ್. ಇದು ಕೆಲಸಕ್ಕೆ ಬಾರದ ಅಂಗವೆಂದು ಬಹುಕಾಲ ತಿಳಿಯಲಾಗಿತ್ತು. 2007ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಬೇರೊಂದು ವಿಚಾರ ಮುಂದಿಟ್ಟರು. ಜೋರು ಭೇದಿಯಲ್ಲಿ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳು ಕೊಚ್ಚಿಹೋದಾಗ, ಅಪೆಂಡಿಕ್ಸ್‌ನಲ್ಲಿ ಉಳಿದವು ಹೊರಬಂದು ಮತ್ತೆ ಬೆಳೆಯುತ್ತವೆ ಎಂಬುದು ಅವರ ಅಭಿಪ್ರಾಯ. ನಮ್ಮ ರೈತರು ಬಿತ್ತನೆಗೆಂದು ಬೀಜ ಎತ್ತಿಡುವ ಹಾಗೆ!

ಹಾಗಾದರೆ ಕಾಯಿಲೆ ಬರುವುದು ಹೇಗೆ? ಗಟ್ಟಿಯಾದ ಮಲದ ತುಣುಕು ಇಲ್ಲವೇ ಊತದಿಂದ ಕೊಳವೆಯ ಬಾಯಿ ಕಟ್ಟಿಕೊಂಡರೆ ಒಳಗೆ ಒತ್ತಡ ಹೆಚ್ಚುತ್ತದೆ, ರಕ್ತಸಂಚಾರ ಕುಂದುತ್ತದೆ. ಅದುವರೆಗೆ ಸುಮ್ಮನಿದ್ದ ಬ್ಯಾಕ್ಟೀರಿಯಾಗಳು ಕೊಳವೆಯ ಗೋಡೆಯನ್ನು ಹೊಕ್ಕು ಕೀವು ಮಾಡುತ್ತವೆ. ಬಾಯಿ ಕಟ್ಟಿಕೊಳ್ಳದೆಯೂ ಕಾಯಿಲೆ ಬರುವುದುಂಟು. ಸಾಮಾನ್ಯವಾಗಿ ನಮ್ಮ ಬಾಯಿಯಲ್ಲಿ ವಾಸಿಸುವ ಫ್ಯೂಸೋಬ್ಯಾಕ್ಟೀರಿಯಂ ಎಂಬ ಜೀವಿ, ರೋಗಿಗಳ ಅಪೆಂಡಿಕ್ಸ್ ಗೋಡೆಯೊಳಗೆ ನುಗ್ಗಿದ್ದನ್ನು ಬರ್ಲಿನ್‌ನ ಸಂಶೋಧಕರು 2011ರಲ್ಲಿ ತೋರಿಸಿಕೊಟ್ಟರು.

ಬ್ಯಾಕ್ಟೀರಿಯಾಗಳೇ ಬೆಳೆಸುವ ಕಾಯಿಲೆಯಾದರೆ ಆಂಟಿಬಯೋಟಿಕ್ ಸಾಲದೇ, ಆಪರೇಷನ್ ಏಕೆ ಎಂದು ನಾವು ಕೇಳಬಹುದು. ಫಿನ್ಲೆಂಡಿನ ವೈದ್ಯರು 18ರಿಂದ 60 ವರ್ಷದವರಲ್ಲಿ ಇದನ್ನೇ ಪರೀಕ್ಷಿಸಿದರು. ಅಪೆಂಡಿಕ್ಸ್ ಒಡೆದಿಲ್ಲ, ಒಳಗೆ ಗಟ್ಟಿ ತುಣುಕಿಲ್ಲ ಎಂದು ಸಿ.ಟಿ. ಸ್ಕ್ಯಾನ್‌ನಲ್ಲಿ ಖಚಿತವಾದವರನ್ನು ಮಾತ್ರ ಆರಿಸಿಕೊಂಡಿದ್ದರು. 2015ರಲ್ಲಿ ಪ್ರಕಟವಾದ ವರದಿಯಂತೆ, ಆಂಟಿಬಯೋಟಿಕ್ ಪಡೆದವರಲ್ಲಿ ನೂರಕ್ಕೆ ಸುಮಾರು 73 ಮಂದಿಗೆ ಒಂದು ವರ್ಷದೊಳಗೆ ಆಪರೇಷನ್ ಬೇಕಾಗಲಿಲ್ಲ. ಆದರೆ ಐದು ವರ್ಷಗಳಾಗುವಷ್ಟರಲ್ಲಿ ನೂರಕ್ಕೆ ಸುಮಾರು 39 ಮಂದಿಗೆ ಕಾಯಿಲೆ ಮರುಕಳಿಸಿತ್ತು.

ಇದನ್ನೋದಿ ನಾವು ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗುವಂತಿಲ್ಲ. ಆ ರೋಗಿಗಳಿಗೆ ಮೊದಲು ಆಸ್ಪತ್ರೆಯಲ್ಲೇ ರಕ್ತನಾಳದ ಮೂಲಕ ಔಷಧ ಕೊಟ್ಟು, ವೈದ್ಯರು ಗಮನವಿಟ್ಟು ನೋಡಿಕೊಂಡಿದ್ದರು. ಯಾರಿಗೆ ಔಷಧ ಸಾಕು, ಯಾರಿಗೆ ಆಪರೇಷನ್ ಬೇಕು ಎಂದು ಪರೀಕ್ಷಿಸಿ ಹೇಳಬೇಕಾದವರು ವೈದ್ಯರೇ.

ಹೊಕ್ಕುಳ ಸುತ್ತ ಶುರುವಾದ ನೋವು ಕೆಲವು ಗಂಟೆಗಳಲ್ಲಿ ಬಲಗಡೆ ಕೆಳಕ್ಕೆ ಇಳಿದರೆ, ಊಟ ಸೇರದೆ ವಾಂತಿ, ಜ್ವರ ಕಾಣಿಸಿಕೊಂಡರೆ ಕೂಡಲೇ ಆಸ್ಪತ್ರೆಗೆ ಹೋಗೋಣ. ವಯಸ್ಸಾದವರಲ್ಲಿ ಈ ಲಕ್ಷಣಗಳು ಸ್ಪಷ್ಟವಾಗಿ ಕಾಣದೆ ಹೋಗಬಹುದು. ‘ಗ್ಯಾಸ್ ಇರಬೇಕು’ ಎಂದುಕೊಂಡು ಹರಳೆಣ್ಣೆ ಕುಡಿಸುವುದಾಗಲಿ, ಎನಿಮಾ ಕೊಡುವುದಾಗಲಿ ಬೇಡ. ನೋವು ಹಠಾತ್ತನೆ ತಗ್ಗಿದರೂ ಗುಣವಾಯಿತೆಂದು ನಂಬಬಾರದು. ಅಪೆಂಡಿಕ್ಸ್ ಒಡೆದಾಗಲೂ ಹಾಗಾಗುವುದುಂಟು. ಆಮೇಲೆ ಕೀವು ಹೊಟ್ಟೆಯಲ್ಲೆಲ್ಲ ಹರಡಿ ಪ್ರಾಣಕ್ಕೇ ಅಪಾಯ.

ಮಕ್ಕಳಿಗೆ ನೋವೆಂದರೆ ನಾವು ರಾತ್ರಿಯಲ್ಲೂ ಓಡುತ್ತೇವೆ. ನಮಗೇ ನೋವಾದರೆ ಕೂಲಿ ತಪ್ಪೀತು, ಖರ್ಚಾದೀತು ಎಂದು ಹಲ್ಲು ಕಚ್ಚಿ ಸಹಿಸುತ್ತೇವೆ. ಹೀಗೆ ಸಹಿಸುವುದು ತ್ಯಾಗವಲ್ಲ. ಮನೆಯ ಯಜಮಾನನೋ ತಾಯಿಯೋ ಸುಮ್ಮನೆ ಹೊಟ್ಟೆ ಹಿಡಿದುಕೊಂಡು ಕುಳಿತಿದ್ದರೆ, ಮನೆಯವರೇ ವಿಚಾರಿಸಿ ಕರೆದೊಯ್ಯಲಿ.